ಮಳೆಗಾಲದ ಎರಡು ದಿನ: ಸಿನಿಮಾ ಮೊದಲೋ, ಆಟ ಮೊದಲೋ?

ಜಗುಲಿಕಟ್ಟೆ, ಶಿರಸಿ:

ಹೈಸ್ಕೂಲಿನಿಂದ ಜೊತೆಗಿರುವ ನಾವು ಐವರು, ಆಷಾಢದ ಮಳೆ ಹಿಡಿದಿರುವಾಗ, ವರ್ಷಕ್ಕೊಮ್ಮೆ ನಮ್ಮ ಮನೆಯಲ್ಲಿ ಶನಿವಾರ ಮತ್ತು ಭಾನುವಾರ ಸೇರುತ್ತೇವೆ. ಇಬ್ಬರು ಬೆಂಗಳೂರಿನಿಂದ, ಒಬ್ಬ ಕಾರವಾರದಿಂದ, ಇನ್ನೊಬ್ಬಳು ಕುಮಟೆಯಿಂದ ದೇವಿಮನೆ ಘಟ್ಟ ಹತ್ತಿ ಬರುತ್ತಾರೆ. ಗೋಡೆಗೆ ಬಿಳಿ ಪಂಚೆ ಕಟ್ಟಿ ಪ್ರೊಜೆಕ್ಟರಿನಲ್ಲಿ ಸಿನಿಮಾ ನೋಡುವುದು, ತಂದ ಪುಸ್ತಕಗಳನ್ನು ಅದಲುಬದಲು ಮಾಡಿಕೊಂಡು ಓದುವುದು ಮೊದಲಿನಿಂದಲೂ ಇದೆ. ಹೋದ ವರ್ಷ ಇವುಗಳ ಜೊತೆಗೆ ಪಾತ್ರ ವಹಿಸಿ ಆಡುವ ಆಟವೂ ಸೇರಿತು; 1974ರಲ್ಲಿ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಹೊರತಂದ ಡಂಜನ್ಸ್ ಅಂಡ್ ಡ್ರಾಗನ್ಸ್‌ನ ಈಗಿನ ರೂಪ ಅದು. ಅದರಲ್ಲಿ ಆಟ ನಡೆಸುವವರು ಕಥೆಯ ಸನ್ನಿವೇಶ ಹೇಳುತ್ತಾರೆ, ಉಳಿದವರು ತಂತಮ್ಮ ಪಾತ್ರ ಏನು ಮಾಡುತ್ತದೆಂದು ಹೇಳುತ್ತಾರೆ, ಅದು ಫಲಿಸಿತೋ ಇಲ್ಲವೋ ಎಂಬುದನ್ನು ದಾಳ ಎಸೆದು ತಿಳಿಯುತ್ತಾರೆ. ಆಟ ನಡೆಸುವ ಹೊಣೆ ನನ್ನದಾಗಿತ್ತು.

ಅದು ಕೆಟ್ಟಿತು. ಶನಿವಾರ ಸಂಜೆ ಎರಡೂವರೆ ತಾಸಿನ ಸಿನಿಮಾ, ನಂತರ ಊಟ, ಊಟದ ಮೇಲೆ ಲೋಟಗಟ್ಟಲೆ ಅಪ್ಪೆಹುಳಿ, ಅಂದರೆ ಮಾವಿನಕಾಯಿಯ ತೆಳು ಸಾರು; ಆಟ ಶುರುವಾದದ್ದು ಆಮೇಲೆ. ಅಪ್ಪೆಹುಳಿ ಕುಡಿದವರಿಗೆ ನಿದ್ದೆ ಬರುವುದು ಇಲ್ಲಿ ಎಲ್ಲರಿಗೂ ಗೊತ್ತಿರುವ ಸಂಗತಿಯಾದರೂ ಅದು ನನಗೆ ಆ ಹೊತ್ತಿಗೆ ಹೊಳೆಯಲಿಲ್ಲ. ನಾನು ನಲವತ್ತು ಪುಟಗಳ ಕಥೆ ಬರೆದಿಟ್ಟುಕೊಂಡಿದ್ದೆ. ಆಟಗಾರರು ನಾನು ಕಟ್ಟಿದ ಗುಹೆಯ ಕಡೆಗೆ ತಲೆಯನ್ನೂ ಹಾಕದೆ, ದಾರಿಯಲ್ಲಿ ಸಿಕ್ಕ ಅಡಿಕೆ ವ್ಯಾಪಾರಿಯೊಡನೆ ಚೌಕಾಸಿ ಮಾಡುತ್ತ ಕುಳಿತರು. ಅವರನ್ನು ಗುಹೆಗೆ ಎಳೆದೊಯ್ದಾಗ ಒಬ್ಬಳು, ‘ಇದನ್ನು ಓದಿ ಹೇಳಿಬಿಟ್ಟಿದ್ದರೆ ಸಾಕಾಗಿತ್ತಲ್ಲ’ ಎಂದಳು. ಈ ಸಲ ಯಾವುದನ್ನು ಯಾವಾಗ ಇಟ್ಟುಕೊಳ್ಳಬೇಕು, ಎಷ್ಟು ಸಿದ್ಧತೆ ಸಾಕು, ಮತ್ತು ಇಪ್ಪತ್ತು ಮುಖದ ದಾಳ ಐವರಿಗೂ ಸೇರಿ ಒಂದೇ ಇರುವಾಗ ಏನು ಮಾಡಬಹುದು ಎಂದು ಬಲ್ಲವರು ತಿಳಿಸಬೇಕಾಗಿ ಕೋರುತ್ತೇನೆ.

ಶರಾವತಿ ದಂಡೆ, ಹೊನ್ನಾವರ:

ತಾಳಮದ್ದಲೆ ಕೇಳಿ ಬೆಳೆದ ಊರಿನವರಿಗೆ ಈ ಆಟ ಹೊಸದೆನಿಸಬೇಕಾಗಿಲ್ಲ. ವೇಷವಿಲ್ಲ, ಕುಣಿತವಿಲ್ಲ, ಕುಳಿತಲ್ಲೇ ಭಾಗವತರು ಪದ ಹೇಳುತ್ತಾರೆ, ಅರ್ಥಧಾರಿ ಆ ಕ್ಷಣಕ್ಕೆ ಹೊಳೆದ ಮಾತಿನಲ್ಲಿ ಪಾತ್ರವನ್ನು ಕಟ್ಟುತ್ತಾನೆ. ನೀವು ಭಾಗವತರ ಜಾಗದಲ್ಲಿ ಕುಳಿತು ಅರ್ಥಧಾರಿಗಳ ಮಾತನ್ನೂ ಬರೆದುಕೊಂಡು ಬಂದಿರಿ, ತಪ್ಪಾದದ್ದು ಅಲ್ಲಿ.

ನಲವತ್ತು ಪುಟದ ಬದಲು ಅರ್ಧ ಪುಟ ಬರೆಯಿರಿ: ಯಾರಿಗೆ ಏನು ಬೇಕು, ಅಡ್ಡ ನಿಂತಿರುವವರು ಯಾರು, ಸಮಯ ಎಷ್ಟಿದೆ. ಉದಾಹರಣೆಗೆ, ಕರಿಮೆಣಸಿನ ರಾಣಿಯೆಂದು ಪೋರ್ಚುಗೀಸರು ಕರೆದ ಚೆನ್ನಭೈರಾದೇವಿಯ ಕಾಲ, ಹದಿನಾರನೆಯ ಶತಮಾನ. ಗೇರುಸೊಪ್ಪೆಯಿಂದ ಮೆಣಸಿನ ಮೂಟೆ ಹೇರಿದ ದೋಣಿಯೊಂದು ರಾತ್ರಿ ಶರಾವತಿಯಲ್ಲಿ ಇಳಿದು ಬರುತ್ತಿದೆ. ಹೊನ್ನಾವರದ ಅಳಿವೆಯಲ್ಲಿ ಪೋರ್ಚುಗೀಸರ ಕಾವಲಿದೆ. ಬೆಳಗಿನ ಇಳಿತದೊಳಗೆ ಸರಕು ಸಮುದ್ರ ಸೇರಬೇಕು. ಅಂಬಿಗನಿಗೆ ಲಂಚ ಕೊಡುತ್ತಾರೋ, ಮೂಟೆಗಳನ್ನು ದಡಕ್ಕಿಳಿಸಿ ಕಾಡಿನಲ್ಲಿ ಸಾಗಿಸುತ್ತಾರೋ, ಕಾವಲಿನವರೊಡನೆಯೇ ಚೌಕಾಸಿಗೆ ಕೂರುತ್ತಾರೋ ಅದು ಅವರಿಗೆ ಬಿಟ್ಟದ್ದು. ನಿಮ್ಮ ಗೆಳೆಯರಿಗೆ ಚೌಕಾಸಿಯೇ ರುಚಿಸಿದೆಯೆಂದ ಮೇಲೆ ಅವರಿಗೆ ಗುಹೆ ಯಾಕೆ?

ಕಾಳಿ ಸೇತುವೆ, ಕಾರವಾರ:

ಮೇಲಿನವರ ಹೋಲಿಕೆ ಸೊಗಸಾಗಿದೆ, ಆದರೆ ಪೂರ್ತಿ ಒಪ್ಪಲಾರೆ. ಸಂಧಾನದ ಪ್ರಸಂಗದಲ್ಲಿ ಕೃಷ್ಣನ ಪಾತ್ರಧಾರಿ ಎಷ್ಟೇ ಸಮರ್ಥನಾಗಿದ್ದರೂ ಸಂಧಾನ ಮುರಿಯಲೇಬೇಕು, ಯುದ್ಧ ಆಗಲೇಬೇಕು. ಕೇಳುವವರು ಬರುವುದು ಅದು ಹೇಗೆ ಮುರಿಯುತ್ತದೆಂಬ ಮಾತಿನ ಸೊಬಗಿಗಾಗಿ. ಈ ಆಟದಲ್ಲಿ ಭಾಗವತರಿಗೂ ಕೊನೆ ಗೊತ್ತಿರಬಾರದು, ಮತ್ತು ದಾಳ ಇರುವುದು ಅದಕ್ಕಾಗಿಯೇ. ದಾಳ ಬಿದ್ದ ಮೇಲೆ ಆಟ ನಡೆಸುವವರು ಮನಸ್ಸು ಬದಲಿಸಿದರೆ ಮತ್ತೆ ಗುಹೆಗೆ ಎಳೆದುಕೊಂಡು ಹೋದಂತೆಯೇ.

ದಾಳದ ಕೊರತೆಗೆ ಲುಡೋ ಪೆಟ್ಟಿಗೆಯ ಎರಡು ದಾಳ ಸಾಕು. ಎರಡನ್ನೂ ಎಸೆದು ಕೂಡಿಸಿದರೆ ಒಟ್ಟು 36 ಬಗೆಯಲ್ಲಿ ಬೀಳಬಹುದು. ಅದರಲ್ಲಿ 7 ಆರು ಸಲ, 12 ಒಂದೇ ಸಲ. ಆದ್ದರಿಂದ ಸುಲಭದ ಕೆಲಸಕ್ಕೆ 5 ಅಥವಾ ಹೆಚ್ಚು ಎಂದಿಟ್ಟರೆ 36ರಲ್ಲಿ 30 ಬಾರಿ ಗೆಲುವು, ಸಾಧಾರಣಕ್ಕೆ 7 ಎಂದರೆ 21 ಬಾರಿ, ಕಷ್ಟದ್ದಕ್ಕೆ 10 ಎಂದರೆ 6 ಬಾರಿ ಮಾತ್ರ. ಇಪ್ಪತ್ತು ಮುಖದ ಒಂದೇ ದಾಳದಲ್ಲಿ ಪ್ರತಿ ಅಂಕಿಗೂ ಶೇಕಡಾ 5ರ ಸಮಾನ ಅವಕಾಶವಿರುವುದರಿಂದ ನುರಿತ ಅಂಬಿಗನೂ ಆಗಾಗ ಪೆದ್ದನಂತೆ ಎಡವುತ್ತಾನೆ. ಎರಡು ದಾಳ ಕೂಡಿಸಿದಾಗ ನಡುವಿನ ಅಂಕಿಗಳೇ ಹೆಚ್ಚು ಬೀಳುವುದರಿಂದ ಹಾಗಾಗುವುದು ಕಡಿಮೆ. ಚೌಕಾಬಾರದ ಕವಡೆಗಳಲ್ಲೂ ಈ ಗುಣವಿದೆ, ಆದರೆ ಕವಡೆಗಳು ಎರಡು ಮಗ್ಗುಲಿಗೂ ಸಮನಾಗಿ ಬೀಳುತ್ತವೆಂಬ ಭರವಸೆಯಿಲ್ಲ.

ಸಿನಿಮಾ ಆಟದ ಮುಂಚೆ ಬೇಡ. ನಿದ್ದೆಯ ಮಾತು ಹಾಗಿರಲಿ, ಆಗಷ್ಟೇ ನೋಡಿದ ನಾಯಕನ ಧಾಟಿಯಲ್ಲೇ ಐವರೂ ಮಾತಾಡತೊಡಗುತ್ತಾರೆ.

ಅಟ್ಟದ ಪುಸ್ತಕ, ಸಿದ್ದಾಪುರ:

ಓದಿನ ವಿಷಯವನ್ನು ಯಾರೂ ಎತ್ತಲಿಲ್ಲ. ನಮ್ಮ ಗುಂಪಿನಲ್ಲಿ ಬೆಳಗಿನ ತಿಂಡಿಯಾದ ಮೇಲೆ ಒಂದೂವರೆ ತಾಸು ಯಾರೂ ಮಾತಾಡುವುದಿಲ್ಲ; ಅದಾದ ಮೇಲೆ ಪ್ರತಿಯೊಬ್ಬರೂ ತಾವು ಓದಿದ್ದರಲ್ಲಿ ಒಂದು ಪುಟವನ್ನು ಗಟ್ಟಿಯಾಗಿ ಓದುತ್ತಾರೆ. ಮಧ್ಯಾಹ್ನದ ಆಟದಲ್ಲಿ ಕನ್ನಡ ಸರಾಗವಾಗಿ ಬರುವುದು ಈ ಗಟ್ಟಿ ಓದಿನಿಂದ ಎಂಬುದು ನನ್ನ ಅನುಭವ. ಇಂಗ್ಲಿಷ್ ನಿಯಮಪುಸ್ತಕ ತೆರೆದಿಟ್ಟುಕೊಂಡರೆ ಎಲ್ಲರೂ ಅರ್ಧ ಇಂಗ್ಲಿಷಿಗೆ ಜಾರುತ್ತಾರೆ. ಇನ್ನೊಂದು ಮಾತು: ಗಾಳಿಮಳೆಯಲ್ಲಿ ಕರೆಂಟು ಹೋದರೆ ಪ್ರೊಜೆಕ್ಟರು ನಿಲ್ಲುತ್ತದೆ, ಆಟ ಲಾಟೀನಿನ ಬೆಳಕಿನಲ್ಲೂ ನಡೆಯುತ್ತದೆ. ಹಾಗಾಗಿ ಕರೆಂಟು ಇರುವ ಹೊತ್ತನ್ನು ಸಿನಿಮಾಕ್ಕೆ ಬಿಡಿ, ಯಾವ ದಿನ ಎಂದು ಮೊದಲೇ ಹಟ ಹಿಡಿಯಬೇಡಿ.

ಜಗುಲಿಕಟ್ಟೆ, ಶಿರಸಿ:

ಎಲ್ಲರಿಗೂ ಕೃತಜ್ಞತೆಗಳು. ಶನಿವಾರ ಬೆಳಿಗ್ಗೆ ಓದು, ಊಟಕ್ಕೆ ಅಪ್ಪೆಹುಳಿಯಿಲ್ಲದೆ ಬರಿ ಸಾರು, ಎರಡು ಗಂಟೆಯಿಂದ ಆಟ, ರಾತ್ರಿ ಕರೆಂಟು ಇದ್ದರೆ ಸಿನಿಮಾ ಎಂದು ನಿಶ್ಚಯಿಸಿದ್ದೇನೆ. ಮೆಣಸಿನ ದೋಣಿಯನ್ನೇ ತೆಗೆದುಕೊಳ್ಳುತ್ತೇನೆ, ಅರ್ಧ ಪುಟಕ್ಕಿಂತ ಹೆಚ್ಚು ಬರೆಯುವುದಿಲ್ಲ. ಕುಮಟೆಯವಳಿಗೆ ಫೋನಿನಲ್ಲಿ ಇಷ್ಟು ಹೇಳಿದ್ದಕ್ಕೆ, ದೋಣಿಯಲ್ಲಿ ಎಷ್ಟು ಮೂಟೆ ಇದೆ, ಅದರಲ್ಲಿ ತನ್ನ ಪಾಲೆಷ್ಟು ಎಂದು ಆಗಲೇ ಕೇಳಿದ್ದಾಳೆ.