ನಮ್ಮ ಏರಿಯಾ ಹೆರಿಟೇಜ್ ಆಗುತ್ತಾ? ಕನ್ಸರ್ವೇಷನ್ ಆರ್ಕಿಟೆಕ್ಟ್ ಜೊತೆ ಪ್ರಶ್ನೋತ್ತರ

ಪ್ರಶ್ನೆ (ಬೆಂಗಳೂರಿನ ಮಲ್ಲೇಶ್ವರದಿಂದ): ನಮ್ಮ ಕ್ರಾಸ್‌ನಲ್ಲಿ ಮಂಕಿ ಟಾಪ್ (ಕಿಟಕಿ, ಬಾಗಿಲ ಮೇಲಿನ ಚೂಪಾದ ಮರದ ಮಾಡು) ಇರುವ ಹಳೆಯ ಮನೆಗಳು ಮೂರೇ ಉಳಿದಿವೆ. ಮಿಕ್ಕದ್ದೆಲ್ಲ ಅಪಾರ್ಟ್‌ಮೆಂಟ್. ಇಡೀ ಮಲ್ಲೇಶ್ವರವನ್ನೇ ಪಾರಂಪರಿಕ ವಲಯ (ಹೆರಿಟೇಜ್ ಜೋನ್) ಮಾಡಿ ಅಂತ ನಮ್ಮ ಸಂಘ ಅರ್ಜಿ ಕೊಡಬೇಕು ಅಂತಿದೆ. ಆಗುತ್ತಾ ಸರ್?

ಉತ್ತರ: ಇಡೀ ಮಲ್ಲೇಶ್ವರಕ್ಕೆ ನಾನೇ ಒಪ್ಪಲ್ಲ. ಮೊದಲು ಕೇಳಿಕೊಳ್ಳಬೇಕಾದ್ದು ಏನನ್ನು ಉಳಿಸಬೇಕು ಅಂತ. ಮಲ್ಲೇಶ್ವರ, ಬಸವನಗುಡಿ ಎರಡೂ 1890ರ ದಶಕದ ಬಡಾವಣೆಗಳು. 1898ರಲ್ಲಿ ಪ್ಲೇಗ್ ಬಂದಾಗ ಪೇಟೆಯ ಇಕ್ಕಟ್ಟಿನಿಂದ ಜನ ಇಲ್ಲಿಗೆ ಬಂದರು. ಗಾಳಿ ಬೆಳಕು ಬರಲಿ ಅಂತಲೇ ನೇರ ಮೇನ್, ಕ್ರಾಸ್‌ಗಳು, ಮನೆ ಸುತ್ತ ಜಾಗ, ಹಿಂದೆ ಕನ್ಸರ್ವೆನ್ಸಿ ಲೇನ್, ಅಂದರೆ ಸ್ವಚ್ಛತಾ ಕೆಲಸಕ್ಕೆ ಬಿಟ್ಟ ಸಣ್ಣ ಓಣಿ. ಇಲ್ಲಿ ಇತಿಹಾಸ ಅಂದರೆ ಆ ನಕ್ಷೆ.

ಆದ್ದರಿಂದ ರಸ್ತೆ ರಸ್ತೆ ನಡೆದು ನೋಡಿ. ಎರಡೂ ಬದಿ ಅರ್ಧಕ್ಕಿಂತ ಜಾಸ್ತಿ ಮನೆಗಳು ಹಳೆಯ ಸೈಟ್ ಅಳತೆಯಲ್ಲೇ ಇವೆಯಾ? ಮುಂದೆ ಬಿಟ್ಟ ಜಾಗ ಉಳಿದಿದೆಯಾ? ಸಾಲುಮರ ಇದೆಯಾ? ಹಿಂದಿನ ಲೇನ್ ಗೇಟ್ ಇಲ್ಲದೆ ತೆರೆದೇ ಇದೆಯಾ? (ಯಾರಾದರೂ ಗೇಟ್ ಹಾಕಿಕೊಂಡೇ ಇರುತ್ತಾರೆ ಬಿಡಿ.) ಹೌದು ಅನ್ನುವ ಉತ್ತರ ಜಾಸ್ತಿ ಬಂದ ನಾಲ್ಕೈದು ರಸ್ತೆಗಳ ಸುತ್ತ ಮಾತ್ರ ಗೆರೆ ಎಳೆಯಿರಿ. ಅಲ್ಲಿ ಸೈಟ್‌ಗಳನ್ನು ಕೂಡಿಸಬಾರದು, ಇಷ್ಟೇ ಎತ್ತರ, ಮರ ಕಡಿಯಬಾರದು ಅಂತ ಕೇಳಿ. ನಿಮ್ಮ ಮೂರು ಮನೆಗಳನ್ನು ಬಿಡಿ ಕಟ್ಟಡಗಳಾಗಿ ಪಾರಂಪರಿಕ ಕಟ್ಟಡಗಳ ಪಟ್ಟಿಗೆ ಸೇರಿಸಲು ಕೇಳಬಹುದು. ಅದಕ್ಕೆ ವಲಯ ಬೇಕಿಲ್ಲ. ಗೆರೆ ದೊಡ್ಡದಾದಷ್ಟೂ ನಿಯಮ ಸಡಿಲ ಆಗುತ್ತೆ, ಆಮೇಲೆ ಯಾರೂ ಪಾಲಿಸಲ್ಲ.

ಪ್ರಶ್ನೆ: ಚಿಕ್ಕಪೇಟೆ, ಅವೆನ್ಯೂ ರೋಡ್ ಕೂಡ ಪರಂಪರೆ ಅಂತಾರಲ್ಲ, ಅಲ್ಲಿ ಏನಿದೆ? ವೈರು, ಗೋಡೌನ್, ಟ್ರಾಫಿಕ್. ಸುಮ್ನೆ ಹೇಳ್ತಾರೆ ಅಲ್ವಾ?

ಉತ್ತರ: ಬೆಂಗಳೂರಲ್ಲಿ ಒಂದೇ ಒಂದು ಜಾಗ ಆರಿಸು ಅಂದರೆ ನಾನು ಪೇಟೆಯನ್ನೇ ಆರಿಸುತ್ತೇನೆ. ಮಲ್ಲೇಶ್ವರ, ಫ್ರೇಜರ್ ಟೌನ್ ಎಲ್ಲ ಆಮೇಲೆ.

1537ರಲ್ಲಿ ಕೆಂಪೇಗೌಡರು ಕಟ್ಟಿದ ಊರು ಇದು. ದೊಡ್ಡಪೇಟೆ, ಅಂದರೆ ಈಗಿನ ಅವೆನ್ಯೂ ರೋಡ್, ಚಿಕ್ಕಪೇಟೆ ಬೀದಿಯನ್ನು ಸೇರುವ ಚೌಕ ಇಂದಿಗೂ ಅಲ್ಲೇ ಇದೆ. ಅಕ್ಕಿಪೇಟೆ, ಅರಳೇಪೇಟೆ, ರಾಗಿಪೇಟೆ, ತರಗುಪೇಟೆ: ಯಾವ ವ್ಯಾಪಾರ ಎಲ್ಲಿ ಅಂತ ಹೆಸರೇ ಹೇಳುತ್ತೆ. ಸರಕು ಬದಲಾಗಿರಬಹುದು. ಬಳೇಪೇಟೆಗೆ ಈಗ ಜನ ವೀಣೆ, ತಬಲ ಕೊಳ್ಳಲೂ ಹೋಗುತ್ತಾರೆ. ಆದರೆ ಒಂದು ಬೀದಿಗೆ ಒಂದು ಕಸುಬು ಅನ್ನುವ ಕ್ರಮ ಪೂರ್ತಿ ಹೋಗಿಲ್ಲ. ತಿಗಳರಪೇಟೆಯ ಧರ್ಮರಾಯಸ್ವಾಮಿ ದೇವಸ್ಥಾನದಿಂದ ಹೊರಟ ಕರಗ ಕಾಟನ್‌ಪೇಟೆಯ ಮಸ್ತಾನ್ ಸಾಬ್ ದರ್ಗಾಕ್ಕೆ ಹೋಗುವುದೂ ಇದೇ ಗಲ್ಲಿಗಳಲ್ಲಿ.

ಅಲ್ಲಿನ ಎಷ್ಟೋ ಕಟ್ಟಡಗಳು ಕಳೆದ ಶತಮಾನದವು, ನೋಡೋಕೂ ಚೆನ್ನಾಗಿಲ್ಲ. ಕಟ್ಟಡದ ವಯಸ್ಸು ಮಾತ್ರ ಲೆಕ್ಕ ಹಾಕಿದರೆ ಪೇಟೆ ಫೇಲ್. ಅಲ್ಲಿ ಕಾಯಬೇಕಾದ್ದು ಬೀದಿಯ ಅಗಲ, ಕೆಳಗೆ ಅಂಗಡಿ ಮೇಲೆ ಮನೆ ಅನ್ನುವ ಬಳಕೆ, ದೇವಸ್ಥಾನದ ಮುಂದಿನ ಚಿಕ್ಕ ಚೌಕ. ಅವೆನ್ಯೂ ರೋಡ್ ಅಗಲ ಮಾಡುವ ಮಾತು ಆಗಾಗ ಬರುತ್ತಿರುತ್ತದೆ. ಮಾಡಿದರೆ ಪೇಟೆ ಕಥೆ ಮುಗೀತು. ಮೆಟ್ರೋ ನೋಡಿ, ಚಿಕ್ಕಪೇಟೆಯಲ್ಲಿ ನೆಲದಡಿ ಹೋಯಿತು, ಮೇಲಿನ ಬೀದಿಗಳ ಜಾಲ ಉಳಿಯಿತು.

ಪ್ರಶ್ನೆ (ಬಸವನಗುಡಿಯಿಂದ): ನಮ್ಮದು ತಾತ ಕಟ್ಟಿದ ಮನೆ. ಮದ್ರಾಸ್ ತಾರಸಿ (ಮರದ ತೊಲೆ ಮೇಲೆ ಇಟ್ಟಿಗೆ, ಸುಣ್ಣದ ಗಾರೆ), ಮಳೆಗಾಲದಲ್ಲಿ ಸೋರುತ್ತೆ. ಹೆರಿಟೇಜ್ ಅಂತ ಘೋಷಿಸಿದರೆ ಮಾರೋಕೂ ಆಗಲ್ಲ, ಕಟ್ಟೋಕೂ ಆಗಲ್ಲ ಅಂತಾರೆ. ರಿಪೇರಿ ದುಡ್ಡು ಯಾರು ಕೊಡ್ತಾರೆ?

ಉತ್ತರ: ನಿಮ್ಮ ಸಿಟ್ಟು ನ್ಯಾಯವಾದದ್ದೇ. ಮೊದಲು ಭಯದ ಮಾತು. ಸ್ಮಾರಕದಿಂದ 100 ಮೀಟರ್ ಒಳಗೆ ಹೊಸದಾಗಿ ಕಟ್ಟಬಾರದು, ಮುಂದಿನ 200 ಮೀಟರ್‌ಗೆ ಅನುಮತಿ ಬೇಕು ಅನ್ನುವುದು ಟಿಪ್ಪು ಅರಮನೆಯಂಥ ಕೇಂದ್ರ ಸಂರಕ್ಷಿತ ಸ್ಮಾರಕಗಳ ಕಾನೂನು. ವಾಸದ ಬಡಾವಣೆಯ ಪಾರಂಪರಿಕ ವಲಯ ಬೇರೆ. ಮುಂಬೈಯಲ್ಲಿ 1995ರಿಂದ ಕಟ್ಟಡದ ಮಹತ್ವ ನೋಡಿ ದರ್ಜೆ ಕೊಡುವ ಗ್ರೇಡ್ ಪದ್ಧತಿ ಇದೆ. ಗ್ರೇಡ್ ಒಂದಕ್ಕೆ ನಿಯಮ ಬಿಗಿ. ಗ್ರೇಡ್ ಮೂರರ ಮನೆಯ ಒಳಗೆ ಬಹುಮಟ್ಟಿಗೆ ಬದಲಾವಣೆ ಮಾಡಿಕೊಳ್ಳಬಹುದು. ಮಾರುವುದಕ್ಕೂ ಇದು ಅಡ್ಡಿಯಾಗಲ್ಲ.

ದುಡ್ಡಿನ ಪ್ರಶ್ನೆಯೇ ಕಷ್ಟದ್ದು. ಪಕ್ಕದ ಮನೆಯವರು ನಾಲ್ಕು ಮಹಡಿ ಕಟ್ಟಿ ಬಾಡಿಗೆ ತಿನ್ನುವಾಗ ನೀವು ಮಾತ್ರ ಊರಿಗಾಗಿ ತಾರಸಿ ಸರಿಮಾಡಿಸುತ್ತಾ ಕೂರಬೇಕಾ? ಕಟ್ಟದೆ ಬಿಟ್ಟ ಹಕ್ಕನ್ನು ಬೇರೆ ಕಡೆ ಮಾರಲು ಟಿಡಿಆರ್ ಕೊಡಬೇಕು, ತೆರಿಗೆ ಕಡಿಮೆ ಮಾಡಬೇಕು, ಕೆಫೆಗೋ ಕಚೇರಿಗೋ ಬಾಡಿಗೆ ಕೊಡಲು ಬಿಡಬೇಕು. ಇದ್ಯಾವುದೂ ಇಲ್ಲದೆ ಬರೀ ಪಟ್ಟಿ ಮಾಡುವುದನ್ನು ನಾನು ವಿರೋಧಿಸುತ್ತೇನೆ. ಪಟ್ಟಿ ಬರುತ್ತೆ ಅಂತ ಸುದ್ದಿ ಹಬ್ಬಿದರೆ ಸಾಕು, ರಾತ್ರೋರಾತ್ರಿ ಜೆಸಿಬಿ ಬರುತ್ತೆ.

ಪ್ರಶ್ನೆ: ಕೊನೆಗೆ ತೀರ್ಮಾನ ಯಾರದ್ದು?

ಉತ್ತರ: ಸರ್ಕಾರದ್ದು. 1961ರ ನಗರ ಯೋಜನಾ ಕಾಯ್ದೆಯಲ್ಲಿ ಪಾರಂಪರಿಕ ಕಟ್ಟಡ, ಪಾರಂಪರಿಕ ಪ್ರದೇಶ ಎರಡಕ್ಕೂ ಜಾಗ ಇದೆ. 2017ರ ಕರಡು ಮಾಸ್ಟರ್ ಪ್ಲಾನ್‌ನಲ್ಲಿ ಪಾರಂಪರಿಕ ವಲಯಗಳನ್ನು ಗುರುತಿಸಿದ್ದರು. ಆಮೇಲೆ ಆ ಕರಡನ್ನೇ ವಾಪಸ್ ತೆಗೆದುಕೊಂಡರು. ಆದರೂ ಜನರ ಮಾತಿಗೂ ಬೆಲೆ ಇದೆ: ಜನ ಗಲಾಟೆ ಮಾಡಿದ್ದರಿಂದ 1980ರ ದಶಕದಲ್ಲಿ ಅಠಾರಾ ಕಚೇರಿ (ಈಗಿನ ಹೈಕೋರ್ಟ್ ಕಟ್ಟಡ) ಉಳಿಯಿತು. ಆದರೆ ಲಾಲ್‌ಬಾಗ್‌ನ ಹಳೆಯ ಕ್ರುಂಬಿಗಲ್ ಹಾಲ್ 2017ರಲ್ಲಿ ನೆಲಸಮ ಆಯಿತು, ಅದು ಇದ್ದದ್ದು ಸರ್ಕಾರದ ಜಾಗದಲ್ಲೇ.

ಪ್ರಶ್ನೆ: ಪರಂಪರೆ ಅಂದರೆ ಬರೀ ಕಂಟೋನ್ಮೆಂಟ್ ಬಂಗಲೆಗಳೇನಾ?

ಉತ್ತರ: ಪಟ್ಟಿ ಮಾಡುವವರಿಗೆ ಬಂಗಲೆ ಬೇಗ ಕಣ್ಣಿಗೆ ಬೀಳುತ್ತೆ, ಅಷ್ಟೆ. 1809ರಲ್ಲಿ ಬ್ರಿಟಿಷರ ದಂಡು (ಕಂಟೋನ್ಮೆಂಟ್) ಬರುವ ಎಷ್ಟೋ ಮೊದಲೇ ಹಲಸೂರಿನ ಸೋಮೇಶ್ವರ ಗುಡಿ ಇತ್ತು. ನನಗೆ ಇನ್ನೂ ಜಾಸ್ತಿ ಚಿಂತೆ ಕಾರ್ಖಾನೆ ಕಾಲನಿಗಳದ್ದು. ಟೆಲಿಫೋನ್ ಕಾರ್ಖಾನೆ ಐಟಿಐನ ದೂರವಾಣಿನಗರ, ಜಾಲಹಳ್ಳಿಯ ಎಚ್‌ಎಂಟಿ, ಬಿಇಎಲ್ ಕಾಲನಿಗಳು ಸ್ವಾತಂತ್ರ್ಯ ಬಂದ ಮೇಲೆ ಕಾರ್ಮಿಕರಿಗೆ ಅಂತ ಕಟ್ಟಿದವು. ಶಾಲೆ, ಆಟದ ಮೈದಾನ, ಮರಗಳ ಸಮೇತ. ಹಳೆಯದು ಅಂತ ಅವನ್ನು ಯಾರೂ ಎಣಿಸುವುದಿಲ್ಲ. ಆ ಕಾಲನಿಗಳಲ್ಲಿ ಬೆಳೆದವರು ಇದನ್ನು ಓದುತ್ತಿದ್ದರೆ, ಮನೆಯಲ್ಲಿ ಹಳೆಯ ಕ್ವಾರ್ಟರ್ಸ್ ನಕ್ಷೆಯೋ ಫೋಟೋನೋ ಇದೆಯಾ ನೋಡಿ, ಇಲ್ಲೇ ಹಾಕಿ.