ಮಾಡಿಫೈಡ್ ಸ್ಟಾರ್ಚ್ ಘಟಕ ಹಾಕಿದ್ರ ನಡದೀತಾ? ಸ್ಟಾರ್ಚ್ ಫ್ಯಾಕ್ಟರಿ ಲ್ಯಾಬಿನವ್ರಿಗೆ ಪ್ರಶ್ನೆ

ಪ್ರಶ್ನೆ (ಮಹಾಲಿಂಗಪುರ): ಸರ ನಮಸ್ಕಾರ್ರಿ. ನಮ್ದು ಗೋವಿನಜೋಳ ಖರೀದಿ ದಂಧೆ, ಒಂದು ಗೋದಾಮು ಐತಿ. ಯಾರೋ ಒಂದು ಪಿಡಿಎಫ್ ಕಳಿಸ್ಯಾರ, ಮಾಡಿಫೈಡ್ ಸ್ಟಾರ್ಚಿಗೆ (ಕೆಲಸಕ್ಕ ತಕ್ಕಂಗ ಗುಣ ಬದಲಿ ಮಾಡಿದ ಸ್ಟಾರ್ಚ್) ಜಗತ್ತಿನ್ಯಾಗೆಲ್ಲಾ ಭಾರೀ ಡಿಮಾಂಡ್ ಅಂತ, ಗ್ರಾಫ್ ಎಲ್ಲಾ ಮ್ಯಾಲೇ ಹೊಂಟಾವ. ಅದನ್ನ ನೋಡಿ ಮಗ ಘಟಕ ಹಾಕೂನು, ಎಕ್ಸ್‌ಪೋರ್ಟ್ ಮಾಡೂನು ಅಂತ ಗಂಟುಬಿದ್ದಾನ. ಏನಂತೀರಿ?

ಉತ್ತರ: ಸಾವಕಾರ್ರ, ಅಂಥಾ ರಿಪೋರ್ಟು ನಂಬಿ ರೊಕ್ಕ ಹಾಕಬ್ಯಾಡ್ರಿ. ಒಂದರ ಲೆಕ್ಕ ಇನ್ನೊಂದಕ್ಕ ಕೂಡೂದಿಲ್ಲ, ಒಬ್ಬಾಂವ ಸ್ಟಾರ್ಚ್ ಒಡದು ಮಾಡೂ ಗ್ಲೂಕೋಸ್ ಮಾಲ್ಟೋಡೆಕ್ಸ್‌ಟ್ರಿನ್ ಎಲ್ಲಾ ಸೇರಿಸಿ ಬರದಿರ್ತಾನ, ಇನ್ನೊಬ್ಬಾಂವ ಬರೇ ಮಾಡಿಫೈಡ್ ಹಿಡದಿರ್ತಾನ. ನೋಡೂದಿದ್ರ ಕಸ್ಟಮ್ಸ್ ಲೆಕ್ಕ ನೋಡ್ರಿ, ಸಾದಾ ಸ್ಟಾರ್ಚ್ 1108 ಅನ್ನೂ ಕೋಡಿನ ಕೆಳಗ ಬರ್ತೈತಿ, ಡೆಕ್ಸ್‌ಟ್ರಿನ್ನು (ಸ್ಟಾರ್ಚ್ ಹುರದು ಮಾಡಿದ ಅಂಟಿನ ಪುಡಿ) ಮಾಡಿಫೈಡು 3505ರ ಕೆಳಗ, ಅಂಟು-ಗೋಂದಿನ ಜೋಡಿ. ಎಲ್ಲಿಂದ ಎಲ್ಲಿಗೆ ಏನು ಹೊಂಟೈತಿ ಅನ್ನೂದು ಅದರಾಗ ಕಾಣ್ತೈತಿ.

ಈ ದಂಧೆಯೊಳಗ ದೊಡ್ಡವ್ರು ಬೆರಳಿನ್ಯಾಗ ಎಣಿಸುವಷ್ಟ. ಕಾರ್ಗಿಲ್, ಎಡಿಎಂ, ಇಂಗ್ರೀಡಿಯನ್, ಟೇಟ್ ಅಂಡ್ ಲೈಲ್, ಫ್ರಾನ್ಸಿನ ರೊಕೆಟ್ (ಇವ್ರ ಪ್ಲ್ಯಾಂಟ್ ನಮ್ಮ ಗೋಕಾಕದಾಗೂ ಐತಿ). ಬಟಾಟಿ ಸ್ಟಾರ್ಚಿಗೆ ನೆದರ್‌ಲ್ಯಾಂಡ್ಸಿನ ಅವೆಬೆ, ಅದು ರೈತರದ ಸಹಕಾರಿ ಸಂಘ. ಮರಗೆಣಸಿನ ಸ್ಟಾರ್ಚ್ ಅಂದ್ರ ಥೈಲ್ಯಾಂಡ್, ಅವ್ರ ಮಾಲು ಹೆಚ್ಚಿಗಿ ಹೋಗೂದು ಚೀನಾಕ್ಕ. 2010ರಾಗ ಅಮೆರಿಕಾದ ಕಾರ್ನ್ ಪ್ರಾಡಕ್ಟ್ಸ್ ಕಂಪನಿ 130 ಕೋಟಿ ಡಾಲರ್ ಕೊಟ್ಟು ನ್ಯಾಷನಲ್ ಸ್ಟಾರ್ಚ್ ಅನ್ನೂ ಕಂಪನಿ ತಗೊಂತು, ಎರಡು ವರ್ಷ ಬಿಟ್ಟು ತನ್ನ ಹೆಸರನ್ನ ಇಂಗ್ರೀಡಿಯನ್ ಅಂತ ಬದಲಿ ಮಾಡ್ಕೊಂತು. ನನ್ನ ಕೇಳಿದ್ರ ಆ ರೊಕ್ಕದಾಗ ಮಷೀನಿನ ಪಾಲು ಕಡಿಮಿ, ಯಾವ ಗಿರಾಕಿಗೆ ಯಾವ ಗ್ರೇಡ್ ಕೊಡಬೇಕು ಅನ್ನೂ ಲ್ಯಾಬಿನ ತಿಳವಳಿಕೆಗೇ ಹೆಚ್ಚಿನ ಪಾಲು. ಮೊಸರಿಗೊಂದು ಗ್ರೇಡ್, ಸೂಪಿಗೊಂದು, ಪೇಪರ್ ಮಿಲ್ಲಿಗೆ ನಾರಿಗೆ ಹಿಡಕೊಳ್ಳೂ ಕ್ಯಾಟಯಾನಿಕ್ (ಪಾಸಿಟಿವ್ ಚಾರ್ಜಿಂದು), ಗುಳಿಗೆ ನೀರಾಗ ಒಡೀಲಿ ಅಂತ ಸೋಡಿಯಂ ಸ್ಟಾರ್ಚ್ ಗ್ಲೈಕೋಲೇಟ್, ಎಣ್ಣಿ ಬಾವಿ ಕೊರಿಯೂವಾಗ ಒಳಗ ಬಿಡೂ ಕೆಸರಿಗೂ ಒಂದು. ಎಕ್ಸ್‌ಪೋರ್ಟಿನ್ಯಾಗ ಇವ್ರ ಎದುರು ನಿಲ್ಲೂದು ಸದ್ಯಕ್ಕ ಬ್ಯಾಡ್ರಿ.

ಪ್ರಶ್ನೆ (ಬೆಳಗಾವಿ): ಸರ, ನಡಬರಕ ಕೇಳ್ತೇನಿ ಬ್ಯಾಸರ ಮಾಡ್ಕೋಬ್ಯಾಡ್ರಿ. ನಮ್ಮ ಮಹಿಳಾ ಸಂಘದಿಂದ ಟೊಮ್ಯಾಟೊ ಸಾಸ್ ಮಾಡ್ತೇವಿ, ಕಾರ್ನ್ ಫ್ಲೋರ್ ಹಾಕ್ತೇವಿ, ಹದಿನೈದು ದಿನಕ್ಕ ಬಾಟ್ಲಿ ಮ್ಯಾಲ ನೀರು ನಿಲ್ತೈತಿ. ಕಂಪನಿ ಸಾಸಿನ್ಯಾಗ ಯಾಕ ನಿಲ್ಲೂದಿಲ್ಲ?

ಉತ್ತರ: ಅಕ್ಕಾರ, ಕಂಪನಿ ಬಾಟ್ಲಿ ಹಿಂದ ಓದ್ರಿ, ಭಾಳಷ್ಟರ ಮ್ಯಾಲ ಸ್ಟೆಬಿಲೈಸರ್ ಅಂತಂದು 1422 ಅಂತ ನಂಬರ್ ಇರ್ತೈತಿ. ಅದ ಮಾಡಿಫೈಡ್ ಸ್ಟಾರ್ಚ್. ಸಾದಾ ಗೋವಿನಜೋಳದ ಸ್ಟಾರ್ಚ್, ಅಂದ್ರ ನಿಮ್ಮ ಕಾರ್ನ್ ಫ್ಲೋರ್, 62ರಿಂದ 72 ಡಿಗ್ರಿಯೊಳಗ ನೀರು ಕುಡದು ಉಬ್ಬತೈತಿ, ಗಟ್ಟಿ ಬರ್ತೈತಿ, ಆದ್ರ ಇನ್ನೂ ಕುದಿಸಿ ವಿನೆಗರ್ ಹಾಕಿ ತಿರುವಿದ್ರ ಆ ಕಣ ಒಡದು ತೆಳ್ಳಗಾಗ್ತೈತಿ, ಆಮ್ಯಾಲ ಆರಿ ಇಟ್ಟಂಗ ಒಳಗಿನ ಎಳಿ ಒಂದಕ್ಕೊಂದು ಬಿಗದು ನೀರನ್ನ ಹೊರಗ ಹಾಕತೈತಿ. 1422ರಾಗ ಎರಡು ಕೆಲಸ ಆಗಿರ್ತೈತಿ, ಎಳಿಗಳ ನಡುವ ಗಂಟು ಹಾಕಿರ್ತಾರ ಕಣ ಒಡೀಬಾರ್ದು ಅಂತ, ಅಸಿಟೈಲ್ ಗುಂಪು ಕೂಡಿಸಿರ್ತಾರ ಎಳಿ ಹತ್ರ ಬಂದು ಬಿಗೀಬಾರ್ದು ಅಂತ. ನಾವು ಲ್ಯಾಬಿನ್ಯಾಗ ಸಾಸಿನ ಒಂದು ಹನಿಗೆ ಅಯೋಡಿನ್ ಹಚ್ಚಿ ಮೈಕ್ರೋಸ್ಕೋಪಿನ ಕೆಳಗ ನೋಡ್ತೇವಿ, ದುಂಡಗ ಉಬ್ಬಿದ ನೀಲಿ ಕಣ ಕಂಡ್ರ ಬರೋಬ್ಬರಿ ಬೆಂದೈತಿ, ಬರೇ ಹರದ ತುಣುಕು ಕಂಡ್ರ ಜಾಸ್ತಿ ಬೆಂದು ಹೋಗೈತಿ, ಸಣ್ಣವಾ ಉಳದಿದ್ರ ಇನ್ನೂ ಕುದಿಸಬೇಕು.

ತಗೊಳ್ಳೂ ಮುಂದ ಫುಡ್ ಗ್ರೇಡ್ ಅಂತ ಕೇಳಿ ತಗೋರಿ, ಮತ್ತ ಲೇಬಲ್ ಮ್ಯಾಲ ನಂಬರ್ ಹಾಕಬೇಕಾಗ್ತೈತಿ, ನೆನಪಿರಲಿ.

ಪ್ರಶ್ನೆ (ಬೆಳಗಾವಿ, ಇನ್ನೊಬ್ಬರು): ಅಂದ್ರ ಕೆಮಿಕಲ್ ತಿನ್ನಸ್ತೀರಿ ಮಂದಿಗೆ?

ಉತ್ತರ: ಕೆಮಿಕಲ್ ಕ್ರಿಯೆ ಹೌದು, ಅದಕ್ಕ ಮಿತಿನೂ ಐತಿ, ಎಫ್‌ಎಸ್‌ಎಸ್‌ಎಐ (ಆಹಾರ ಸುರಕ್ಷತೆ ನೋಡೂ ಸರ್ಕಾರಿ ಸಂಸ್ಥೆ) ಒಪ್ಪಿದ ನಂಬರಷ್ಟ ಹಾಕಬೇಕು. ಈಗ ಯುರೋಪು ಅಮೆರಿಕಾದಾಗ ನಿಮ್ಮಂಗ ಕೇಳೋ ಮಂದಿ ಹೆಚ್ಚಾಗ್ಯಾರ, ಅದಕ್ಕ ಬರೇ ಕಾವು ಮತ್ತ ತೇವ ಕೊಟ್ಟು ಗಟ್ಟಿ ಮಾಡಿದ ಸ್ಟಾರ್ಚ್ ಬಂದೈತಿ, ಲೇಬಲ್ ಮ್ಯಾಲ ಸುಮ್ನ ಸ್ಟಾರ್ಚ್ ಅಂತ ಬರದ್ರ ಸಾಕು. ರೇಟು ತುಟ್ಟಿ.

ಪ್ರಶ್ನೆ (ಸಿಂದಗಿ): ಸರ ನಾವು ಬೆಳೆಯವ್ರು. ಈ ಫ್ಯಾಕ್ಟರಿ ಹೆಚ್ಚಾದ್ರ ನಮ್ಮ ಗೋವಿನಜೋಳಕ್ಕ ರೇಟು ಬರ್ತೈತೇನು?

ಉತ್ತರ: ನಿಮಗ ಸುಳ್ಳ ಆಸೆ ಹಚ್ಚೂದಿಲ್ಲ. ನಮ್ಮ ದೇಶದಾಗ ಗೋವಿನಜೋಳ ಎಲ್ಲಾರಕಿಂತ ಹೆಚ್ಚು ತಿನ್ನೂದು ಕೋಳಿ, ಸ್ಟಾರ್ಚಿನ ಪಾಲು ಅದರಕಿಂತ ಭಾಳ ಕಡಿಮಿ, ಅದರಾಗ ಮಾಡಿಫೈಡ್ ಇನ್ನೂ ಸಣ್ಣದು. ರೇಟು ಅಲಗಾಡಿಸಿದ್ದು ಎಥನಾಲ್. 2023ರ ಡಿಸೆಂಬರಿನ್ಯಾಗ ಕಬ್ಬಿನ ಹಾಲಿಂದ ಎಥನಾಲ್ ಮಾಡೂದಕ್ಕ ಸರ್ಕಾರ ಕಡಿವಾಣ ಹಾಕಿತು, ಗೋವಿನಜೋಳದ ಎಥನಾಲಿಗೆ ಲೀಟರಿಗೆ 71.86 ರೂಪಾಯಿ ಕೊಟ್ಟಿತು, ಡಿಸ್ಟಿಲರಿಯವ್ರು ಕಾಳಿಗೆ ಮುಗಿಬಿದ್ರು, 2024ರಾಗ ಮ್ಯಾನ್ಮಾರ್ ಉಕ್ರೇನಿಂದ ತರಸೂ ಪರಿಸ್ಥಿತಿ ಬಂತು. ಸ್ಟಾರ್ಚ್ ಫ್ಯಾಕ್ಟರಿಯವ್ರು ಅವಾಗ ಗೋಳಾಡಿದ್ದು ನಾನು ನೋಡೇನಿ, ನಿಮ್ಮ ಪಾಲಿಗೆ ಅದ ಒಳ್ಳೆ ವರ್ಷ. ಮುಂದ 2025-26ಕ್ಕ ಬೆಂಬಲ ಬೆಲೆ ಕ್ವಿಂಟಲಿಗೆ 2,400 ರೂಪಾಯಿ ಮಾಡಿದ್ರು, ಮಾಲು ಬಂದಾಗ ಮಾರ್ಕೆಟ್ ಅದರಕಿಂತ ಕೆಳಗ ಬಿತ್ತು.

ಪ್ರಶ್ನೆ (ಮಹಾಲಿಂಗಪುರ): ಸರ, ಮತ್ತ ನಮ್ಮ ಹುಡುಗಗ ಏನ್ ಹೇಳ್ಲಿ? ಪೂರಾ ಬ್ಯಾಡ ಅಂದ್ರ ಮನಿಯೊಳಗ ಜಗಳ.

ಉತ್ತರ: ಪೂರಾ ಬ್ಯಾಡ ಅಂತಿಲ್ರಿ. ಕಾಳು ನೆನಸಿ ಸ್ಟಾರ್ಚ್ ತಗಿಯೂ ಘಟಕ ಸಣ್ಣ ಪ್ರಮಾಣದಾಗ ಆಗೂದಿಲ್ಲ, ಗಂಧಕದ ನೀರಾಗ ಒಂದೂವರೆ-ಎರಡು ದಿನ ನೆನಸಬೇಕು, ಹೊಲಸು ನೀರಿನ ಟ್ರೀಟ್‌ಮೆಂಟ್ ಪ್ಲ್ಯಾಂಟಿಗೇ ಭಾಳ ರೊಕ್ಕ ಹೋಗ್ತೈತಿ ಅಂತ ಹಿಡೀರಿ. ಸಾದಾ ಸ್ಟಾರ್ಚ್ ಹೊರಗಿಂದ ತಗೊಂಡು ಡೆಕ್ಸ್‌ಟ್ರಿನ್ ಮಾಡೂದು ಹಗುರ, ಚೂರು ಆಸಿಡ್ ಸಿಂಪಡಿಸಿ ಹುರಿಯೂದು, ಹೊಲಸು ನೀರಿಲ್ಲ. ಕಾಗದದ ಕೊಳವಿ, ಲಕೋಟಿ, ಪಟಾಕಿ ಎಲ್ಲಾದಕ್ಕೂ ಹೋಗ್ತೈತಿ. ಆದ್ರ ಧೂಳಿನ ಬಗ್ಗೆ ಹುಷಾರ್, ಸ್ಟಾರ್ಚಿನ ಧೂಳು ಗಾಳಿಯೊಳಗ ತುಂಬಿದಾಗ ಒಂದು ಕಿಡಿ ಬಿದ್ರ ಸ್ಫೋಟ ಆಗ್ತೈತಿ, ಸುಮ್ನ ಹೆದರಸಾಕ ಹೇಳ್ತಿಲ್ಲ.

ಅದಕ್ಕೂ ಮೊದಲ ಒಂದು ಕೆಲಸ ಮಾಡ್ರಿ. ಬಾಜೂಕ ರಬಕವಿ-ಬನಹಟ್ಟಿ ಐತಿ, ಅಷ್ಟು ಮಗ್ಗ. ಹಾಸಿನ ನೂಲಿಗೆ ಗಂಜಿ ಹಾಕೂ ಸೈಜಿಂಗಿನವ್ರ ಹತ್ರ ಮಗನ್ನ ಕಳಸ್ರಿ, ಈಗ ಯಾವ ಸ್ಟಾರ್ಚ್ ಹಾಕ್ತಾರ, ಪಿವಿಎ (ನೂಲಿಗೆ ಹಚ್ಚೂ ಕೃತಕ ಅಂಟು) ಎಷ್ಟು ಕೂಡಸ್ತಾರ, ನೂಲು ಎಲ್ಲಿ ಕಡೀತೈತಿ, ಗಂಜಿ ಆರಿದ ಮ್ಯಾಲ ಎಷ್ಟೊತ್ತಿಗೆ ಹೆಪ್ಪುಗಟ್ಟತೈತಿ ಕೇಳ್ಕೊಂಡು ಬರ್ಲಿ. ತೆಳ್ಳಗ ಬೇಯೂ ಆಕ್ಸಿಡೈಸ್ಡ್ ಗ್ರೇಡ್ ಬೇಕಂದ್ರ ಯಾವುದಾದ್ರೂ ಫ್ಯಾಕ್ಟರಿಯಿಂದ ಒಂದೆರಡು ಚೀಲ ತರಿಸಿ ಕೊಟ್ಟು ನೋಡ್ರಿ, ಆರು ತಿಂಗಳು ಏಜೆನ್ಸಿ ಮಾಡ್ಲಿ. ಸಾಲ ಕೊಡೂ ಮಂದಿಗೂ ಸೈಟಿನಕಿಂತ ಬಿಲ್ ಬುಕ್ ತೋರಿಸಿದ್ರ ಮಾತು ಬ್ಯಾರೆ ಆಗ್ತೈತಿ. ಗಂಜಿ ಬೇಯಸೂದು ಮುಂಜಾನೆ ಲಗೂ ಇರ್ತೈತಿ, ಆ ಹೊತ್ತಿಗೇ ಹೋಗಾಕ ಹೇಳ್ರಿ.