ಅಸ್ಯಾಸಿನ್ಸ್ ಕ್ರೀಡ್ ಸರಣಿ: ಬಿಡುಗಡೆಯ ಕ್ರಮವೋ, ಇತಿಹಾಸದ ಕ್ರಮವೋ?

ಪ್ರಶ್ನೆ (ತುಮಕೂರಿನಿಂದ)

ಎಲ್ಲರಿಗೂ ನಮಸ್ಕಾರ. ಅಸ್ಯಾಸಿನ್ಸ್ ಕ್ರೀಡ್ ಎಂಬ ವಿಡಿಯೊ ಗೇಮ್ ಸರಣಿಯನ್ನು ಪೂರ್ತಿಯಾಗಿ ಆಡಬೇಕೆಂಬ ಆಸೆ ನನಗೆ ಬಹಳ ಕಾಲದಿಂದ ಇದೆ. 2007ರ ಮೊದಲ ಆಟದಿಂದ 2025ರ ಶ್ಯಾಡೋಸ್‌ವರೆಗೆ ಮುಖ್ಯ ಆಟಗಳೇ ಹದಿನಾಲ್ಕು ಇವೆ. ಕೆಲಸಕ್ಕೆಂದು ದಿನವೂ ರೈಲಿನಲ್ಲಿ ಬೆಂಗಳೂರಿಗೆ ಹೋಗಿಬರುವವನಾದ್ದರಿಂದ ನನಗೆ ಆಡಲು ಸಿಗುವುದು ರಾತ್ರಿ ಊಟವಾದ ಮೇಲಿನ ಒಂದು ಗಂಟೆ ಮತ್ತು ಭಾನುವಾರಗಳು ಮಾತ್ರ.

ಪಿಯುಸಿ ಓದುತ್ತಿರುವ ನನ್ನ ತಮ್ಮ ನೇರವಾಗಿ ಒಡಿಸ್ಸಿ ಎಂಬ ಆಟದಿಂದ ಆರಂಭಿಸು ಎನ್ನುತ್ತಾನೆ. ಸಹೋದ್ಯೋಗಿಯೊಬ್ಬರು ಕಥೆ ನಡೆಯುವ ಕಾಲವನ್ನೇ ಹಿಡಿಯಬೇಕು, ಅಂದರೆ ಕ್ರಿ.ಪೂ. 431ರ ಗ್ರೀಸ್, ಬಳಿಕ ಈಜಿಪ್ಟ್, ಬಾಗ್ದಾದ್ ಹೀಗೆ ಬರಬೇಕು ಎನ್ನುತ್ತಾರೆ. ಕನ್ನಡ ಮಾಧ್ಯಮದಲ್ಲಿ ಓದಿದ ನನಗೆ ಇಂಗ್ಲಿಷ್ ಮಾತು ಪರದೆಯ ಮೇಲೆ ಅಕ್ಷರದಲ್ಲಿ ಬಂದರೆ ಸಲೀಸು. ಲ್ಯಾಪ್‌ಟಾಪ್ ಕೂಡ ಹಳೆಯದು. ಅನುಭವಿಗಳು ದಯವಿಟ್ಟು ದಾರಿ ತೋರಿಸಬೇಕು. ಕಥೆಯ ಗುಟ್ಟುಗಳನ್ನು ಮಾತ್ರ ಬಿಟ್ಟುಕೊಡಬೇಡಿ.

ಉತ್ತರ 1 (ತಿಪಟೂರಿನಿಂದ)

ಬಿಡುಗಡೆಯಾದ ಕ್ರಮದಲ್ಲೇ ಆಡಿ ಎಂಬುದು ನನ್ನ ಖಚಿತವಾದ ಅಭಿಪ್ರಾಯ. ಇತಿಹಾಸದ ಕ್ರಮ ಕೇಳಲು ಚೆನ್ನಾಗಿದ್ದರೂ, ಈ ಸರಣಿಯ ಕಥೆಯನ್ನು ಹೆಣೆದಿರುವುದು ಹಾಗಲ್ಲ. ಇಲ್ಲಿ ಇಂದಿನ ಕಾಲದ ವ್ಯಕ್ತಿಯೊಬ್ಬ ಅನಿಮಸ್ ಎಂಬ ಯಂತ್ರದ ಮೂಲಕ ತನ್ನ ಪೂರ್ವಜರ ನೆನಪುಗಳನ್ನು ಮತ್ತೆ ಬದುಕುತ್ತಾನೆ. ಡೆಸ್ಮಂಡ್ ಎಂಬ ಆ ಯುವಕನ ಕಥೆ ಮೊದಲ ಆಟದಲ್ಲಿ ಆರಂಭವಾಗಿ, ಎರಡನೆಯದು, ಬ್ರದರ್‌ಹುಡ್, ರೆವೆಲೇಶನ್ಸ್‌ಗಳನ್ನು ದಾಟಿ 2012ರಲ್ಲಿ ಬಂದ ಮೂರನೆಯದರಲ್ಲಿ ಮುಗಿಯುತ್ತದೆ. ಈ ಐದು ಆಟಗಳ ಕ್ರಮವನ್ನು ಕಲಕಿದರೆ ಡೆಸ್ಮಂಡ್ ಯಾರಿಗಾಗಿ ಹೋರಾಡುತ್ತಿದ್ದಾನೆ ಎಂಬುದೇ ತಿಳಿಯುವುದಿಲ್ಲ.

ಒಂದು ಚಿಕ್ಕ ಉದಾಹರಣೆ ಕೊಡುತ್ತೇನೆ. ಮೊದಲ ಆಟದ ನಾಯಕ ಅಲ್ತಾಯಿರ್‌ನ ಎಡಗೈಯಲ್ಲಿ ಉಂಗುರದ ಬೆರಳು ಇರುವುದಿಲ್ಲ. ಮಣಿಕಟ್ಟಿನ ಗುಪ್ತ ಕತ್ತಿ ಹೊರಚಾಚುವುದು ಆ ಬೆರಳಿದ್ದ ಜಾಗದಿಂದಲೇ. ಎರಡನೆಯ ಆಟದಲ್ಲಿ ಲಿಯೊನಾರ್ಡೊ ಡ ವಿಂಚಿ ಅಂಥದೇ ಕತ್ತಿಯನ್ನು ಸರಿಪಡಿಸಿ, ಬೆರಳು ಕತ್ತರಿಸಲೇಬೇಕೆಂದು ಆ ಆಟದ ನಾಯಕ ಎಜಿಯೊನನ್ನು ಒಂದು ಕ್ಷಣ ಬೆದರಿಸಿ, ಇನ್ನು ಅದರ ಅಗತ್ಯವಿಲ್ಲವೆಂದು ನಗುತ್ತಾನೆ. ಆ ಪದ್ಧತಿ ಹೇಗೆ ಬಂತೆಂಬುದು ತಿಳಿಯುವುದು ಹತ್ತು ವರ್ಷಗಳ ನಂತರ, 2017ರ ಒರಿಜಿನ್ಸ್‌ನಲ್ಲಿ. ಆದರೆ ಅದರ ಕಥೆ ನಡೆಯುವುದು ಕ್ರಿಸ್ತಪೂರ್ವದ ಈಜಿಪ್ಟಿನಲ್ಲಿ. ಇತಿಹಾಸದ ಕ್ರಮ ಹಿಡಿದವರಿಗೆ ಪ್ರಶ್ನೆ ಹುಟ್ಟುವ ಮೊದಲೇ ಉತ್ತರ ಕೈಗೆ ಬಂದುಬಿಡುತ್ತದೆ, ಲಿಯೊನಾರ್ಡೊನ ಆ ತಮಾಷೆಯೂ ಸಪ್ಪೆಯಾಗುತ್ತದೆ.

ಇನ್ನೊಂದು ಕಾರಣ ಕೈಗೆ ಸಂಬಂಧಿಸಿದ್ದು. ಹೊಸ ಆಟಗಳ ನಯವಾದ ಓಟ ಮತ್ತು ಕಾದಾಟಕ್ಕೆ ಕೈ ಪಳಗಿದ ಮೇಲೆ ಹಳೆಯವುಗಳಿಗೆ ಮರಳುವುದು ನಿಜಕ್ಕೂ ಕಷ್ಟ.

ಉತ್ತರ 2 (ಮಧುಗಿರಿಯಿಂದ)

ತಿಪಟೂರಿನವರು ಹೇಳಿದ ಕ್ರಮವನ್ನು ನಾನೂ ಒಪ್ಪುತ್ತೇನೆ, ಆದರೆ ಮೊದಲ ಆಟದ ಬಗ್ಗೆ ಎಚ್ಚರಿಸಲೇಬೇಕು. ಅದರಲ್ಲಿ ಸಬ್‌ಟೈಟಲ್ ಇಲ್ಲವೇ ಇಲ್ಲ. ಅಕ್ಷರದ ಆಸರೆ ಬೇಕೆಂದು ನೀವೇ ಹೇಳಿರುವುದರಿಂದ ಇದು ಸಣ್ಣ ವಿಷಯವಲ್ಲ. ಅದೂ ಅಲ್ಲದೆ ದಮಾಸ್ಕಸ್, ಜೆರುಸಲೇಮ್, ಏಕರ್ ಯಾವ ನಗರಕ್ಕೆ ಹೋದರೂ ಗೋಪುರ ಹತ್ತುವುದು, ಬೆಂಚಿನ ಮೇಲೆ ಕುಳಿತು ಕದ್ದು ಕೇಳುವುದು, ಜೇಬಿನಿಂದ ಪತ್ರ ಎಗರಿಸುವುದು, ಇವೇ ಕೆಲಸಗಳು ಮರುಕಳಿಸುತ್ತವೆ. ದಿನಕ್ಕೆ ಒಂದು ಗಂಟೆ ಮಾತ್ರ ಇರುವವರು ಇಲ್ಲೇ ಬೇಸತ್ತು ಸರಣಿಯನ್ನೇ ಬಿಟ್ಟುಬಿಡುವ ಅಪಾಯವಿದೆ.

ಆದ್ದರಿಂದ 2009ರ ಎರಡನೆಯ ಆಟದಿಂದ ಆರಂಭಿಸಿ. ಅದರಲ್ಲಿ ಎಜಿಯೊ ಹುಟ್ಟುವ ಗಳಿಗೆಯೇ ನಿಮ್ಮ ಕೈಯಲ್ಲಿರುತ್ತದೆ. ಒಂದೊಂದು ಗುಂಡಿ ಒತ್ತಿದಾಗಲೂ ಹಸುಳೆ ಕೈಕಾಲು ಆಡಿಸುತ್ತದೆ. ಅದೇ ಎಜಿಯೊ ರೆವೆಲೇಶನ್ಸ್‌ನಲ್ಲಿ ಐವತ್ತು ದಾಟಿ, ಗಡ್ಡ ನರೆತು ಕಾನ್‌ಸ್ಟಾಂಟಿನೋಪಲ್‌ಗೆ ಬರುತ್ತಾನೆ. ಒಬ್ಬ ಮನುಷ್ಯನ ಇಡೀ ಬದುಕನ್ನು ಮೂರು ಆಟಗಳಲ್ಲಿ ಹೀಗೆ ಕಂಡದ್ದು ನನ್ನ ಮಟ್ಟಿಗೆ ಸರಣಿಯ ಅತ್ಯಂತ ದೊಡ್ಡ ಸಂಪತ್ತು.

ಉತ್ತರ 1ರವರಿಂದ ಮತ್ತೆ

ಸಬ್‌ಟೈಟಲ್ ವಿಚಾರದಲ್ಲಿ ಮಧುಗಿರಿಯವರ ಮಾತು ಸರಿಯಾಗಿದೆ. ಆದರೆ ರೆವೆಲೇಶನ್ಸ್‌ನಲ್ಲಿ ಎಜಿಯೊ ಹುಡುಕಿಕೊಂಡು ಬರುವುದೇ ಅಲ್ತಾಯಿರ್‌ನ ಗ್ರಂಥಾಲಯವನ್ನು. ಅಲ್ಲಿ ಅಲ್ತಾಯಿರ್‌ನ ಮುಂದಿನ ಬದುಕನ್ನೂ ನಾವೇ ಆಡುತ್ತೇವೆ. ಆತನನ್ನು ಮೊದಲೇ ಬಲ್ಲವರಿಗೆ ಆ ಭಾಗ ಎದೆಗೆ ತಟ್ಟುವಂತೆ ಉಳಿದವರಿಗೆ ತಟ್ಟುವುದಿಲ್ಲ. ಎರಡನೆಯದರಿಂದ ಆರಂಭಿಸುವುದಾದರೆ, ರೆವೆಲೇಶನ್ಸ್‌ಗೆ ಮುನ್ನವಾದರೂ ಮೊದಲ ಆಟವನ್ನು ಒಂದೆರಡು ಭಾನುವಾರ ಮುಡಿಪಾಗಿಟ್ಟು ಮುಗಿಸಿ. ಪಕ್ಕದ ಕೆಲಸಗಳನ್ನೆಲ್ಲ ಬಿಟ್ಟು ಮುಖ್ಯ ಕಥೆಯನ್ನಷ್ಟೇ ಹಿಡಿದರೆ ಸುಮಾರು ಹದಿನೈದು ಗಂಟೆ ಸಾಕು.

ಉತ್ತರ 3 (ಶಿರಾದಿಂದ)

ಮೂರನೆಯದು, ಬ್ಲ್ಯಾಕ್ ಫ್ಲ್ಯಾಗ್, ರೋಗ್, ಈ ಮೂರರ ಬಗ್ಗೆ ಒಂದು ಮಾತು. ಬ್ಲ್ಯಾಕ್ ಫ್ಲ್ಯಾಗ್‌ನ ಕಡಲ್ಗಳ್ಳ ಎಡ್ವರ್ಡ್, ಮೂರನೆಯ ಆಟದ ನಾಯಕ ಕಾನರ್‌ನ ಅಜ್ಜ. ಅಜ್ಜನ ಕಥೆ ಮೊದಲಿರಲಿ ಎಂದು ಅನೇಕರು ಅದಲುಬದಲು ಮಾಡುತ್ತಾರೆ. ಹಾಗೆ ಮಾಡಬೇಡಿ. ಮೂರನೆಯ ಆಟದ ಆರಂಭದ ಕೆಲವು ಗಂಟೆಗಳು ಒಂದು ಗುಟ್ಟಿನ ಮೇಲೆ ನಿಂತಿವೆ, ರೋಗ್ ಅದನ್ನು ಮುಚ್ಚಿಡುವುದಿಲ್ಲ. ಒರಿಜಿನ್ಸ್‌ನಿಂದ ಮುಂದೆ ಆಟದ ಸ್ವರೂಪವೇ ಬೇರೆ. ಒಡಿಸ್ಸಿ, ವಲ್ಹಾಲಾಗಳು ಬಹಳ ದೀರ್ಘವಾದವು. ವಲ್ಹಾಲಾ ಆದ ಮೇಲೆ 2023ರ ಮಿರಾಜ್ ಚಿಕ್ಕದಾಗಿ, ಹಳೆಯ ಶೈಲಿಯಲ್ಲಿ ಬರುವುದರಿಂದ ಹಿತವೆನಿಸುತ್ತದೆ. ಶ್ಯಾಡೋಸ್ 115 ಜಿಬಿ ಜಾಗವನ್ನೂ ಎಸ್‌ಎಸ್‌ಡಿ ಎಂಬ ವೇಗದ ಡಿಸ್ಕನ್ನೂ ಕೇಳುವುದರಿಂದ ಹಳೆಯ ಲ್ಯಾಪ್‌ಟಾಪ್‌ನಲ್ಲಿ ಅದರ ಯೋಚನೆಯನ್ನು ಸದ್ಯಕ್ಕೆ ಬಿಡಿ.

ಪ್ರಶ್ನೆ ಕೇಳಿದವರಿಂದ

ಮೂವರಿಗೂ ಮನಃಪೂರ್ವಕ ಧನ್ಯವಾದಗಳು. ಎರಡನೆಯದು, ಬ್ರದರ್‌ಹುಡ್, ನಂತರ ಮೊದಲನೆಯದು, ಆಮೇಲೆ ರೆವೆಲೇಶನ್ಸ್, ಅಲ್ಲಿಂದ ಮುಂದೆ ಬಿಡುಗಡೆಯ ಕ್ರಮ ಎಂದು ತೀರ್ಮಾನಿಸಿದ್ದೇನೆ. ಅಮೃತಸರದಲ್ಲಿ, 1841ರಲ್ಲಿ ನಡೆಯುವ ಕ್ರಾನಿಕಲ್ಸ್ ಇಂಡಿಯಾವನ್ನು ಎಲ್ಲಿ ಸೇರಿಸಿಕೊಳ್ಳಲಿ?

ಉತ್ತರ 3ರವರಿಂದ ಮತ್ತೆ

ಅದು ಪಕ್ಕದಿಂದ ನೋಡುತ್ತಾ ಆಡುವ ಚಿಕ್ಕ ಆಟ, 2016ರದು. ಸರಣಿಯ 2015ರ ಆಟ ಸಿಂಡಿಕೇಟ್ ಮುಗಿದ ಮೇಲೆ, ಒರಿಜಿನ್ಸ್‌ಗೆ ಮುನ್ನ ಇಟ್ಟುಕೊಳ್ಳಿ.